ಕಾಂಟ್ರಾ ಮ್ಯೂಸಿಕ್ ಬಿಚ್ಚಿ ಕೇಳೂದು ಹೆಂಗ

ಹಳದಿ ಕ್ಯಾಸೆಟ್ ಊದಿ ಊದಿ ಹಾಕಿ ಆಡಿದವ್ರಿಗೆ ಕಾಂಟ್ರಾ ಅನ್ನೂ ವಿಡಿಯೋ ಗೇಮಿನ ಫಸ್ಟ್ ಸ್ಟೇಜ್ ಮ್ಯೂಸಿಕ್ ಇನ್ನೂ ಬಾಯಾಗ ಐತಿ. ಆದ್ರ ಅದನ್ನ ಎಷ್ಟು ಮಂದಿ ಬಾರಸಾಕತ್ತಾರ ಅಂತ ಕೇಳಿದ್ರ ಯಾರೂ ಹೇಳಂಗಿಲ್ಲ, ನನಗೂ ಗೊತ್ತಿರಲಿಲ್ಲ. ವಿಜಯಪುರದಾಗ ನಮ್ಮ ಓಣ್ಯಾಗ ಒಂದ ಮನ್ಯಾಗ ಸೆಟ್ ಇತ್ತು, ಬ್ಯಾಸಗಿ ಸೂಟ್ಯಾಗ ಅಡಾಪ್ಟರ್ ಕಾದು ಸುಟ್ಟ ವಾಸನಿ ಬರೂತನಕ ಆಡ್ತಿದ್ವಿ, ಮ್ಯೂಸಿಕ್ ಕಡೆ ಯಾರು ಕಿವಿ ಕೊಡ್ತಾರ.

ಬಾರ್ಸೂದು ಐದ ಮಂದಿ, ಅಂದ್ರ ಸೆಟ್ಟಿನ ಚಿಪ್ಪಿನೊಳಗ ದನಿ ಹೊರಡಸೂ ಐದು ಚಾನೆಲ್. ಜಪಾನಿನ ಕೊನಾಮಿ ಕಂಪನಿಯವ್ರು ಕಾಂಟ್ರಾನ 1987ರಾಗ ಆರ್ಕೇಡ್ ಮಷಿನ್‌ಗೆ ಮಾಡಿ 1988ರಾಗ ನಿಂಟೆಂಡೋದ ಮನಿ ಗೇಮ್ ಸೆಟ್ ಫ್ಯಾಮಿಕಾಮ್‌ಗೆ ತಂದ್ರು, ಆರ್ಕೇಡ್‌ನಾಗ ಯಮಾಹಾ ಎಫ್‌ಎಂ ಚಿಪ್ ಇತ್ತು, ಫ್ಯಾಮಿಕಾಮ್‌ನಾಗ ನೋಡಿದ್ರ ಎರಡು ಪಲ್ಸ್, ಒಂದು ಟ್ರಯಾಂಗಲ್, ಒಂದು ನಾಯ್ಸ್, ಒಂದು ಸ್ಯಾಂಪಲ್ ಚಾನೆಲ್, ಮುಗೀತು. ಒಂದೊಂದು ಚಾನೆಲ್ ಒಂದು ಸಲಕ್ಕ ಒಂದ ಸ್ವರ ಅಷ್ಟ ಹಾಡ್ತೈತಿ.

ಮೊದಲ ಕಂಪ್ಯೂಟರ್‌ನಾಗ ಎನ್‌ಎಸ್‌ಎಫ್‌ಪ್ಲೇ (ಗೇಮಿನ ಮ್ಯೂಸಿಕ್ ಅಷ್ಟ ಬಾರಸೂ ಸಾಫ್ಟ್‌ವೇರ್) ಇಲ್ಲಾ ಎಫ್‌ಸಿಇಯುಎಕ್ಸ್ (ಗೇಮನ್ನ ಕಂಪ್ಯೂಟರ್‌ನಾಗ ಆಡಸೂ ಸಾಫ್ಟ್‌ವೇರ್) ಹಾಕ್ಕೋರಿ, ಎರಡೂ ಫ್ರೀ, ಎರಡರಾಗೂ ಒಂದೊಂದು ಚಾನೆಲ್ ಬ್ಯಾರೆ ಬ್ಯಾರೆ ಬಂದ್ ಮಾಡಾಕ ಬರ್ತೈತಿ. ಕಂಪ್ಯೂಟರ್ ಇಲ್ಲಂದ್ರ ಯೂಟ್ಯೂಬ್‌ನಾಗ ಆಸಿಲೋಸ್ಕೋಪ್ ವ್ಯೂ ಅಂತ ಹುಡುಕ್ರಿ, ಒಂದೊಂದು ಚಾನೆಲ್ಲಿನ ಗೆರಿ ಕುಣಿಯೂದು ಕಣ್ಣಿಗೆ ಕಾಣ್ತೈತಿ. ಇಯರ್‌ಫೋನ್ ಮಾತ್ರ ಬೇಕ ಬೇಕು, ಫೋನ್ ಸ್ಪೀಕರ್‌ನಾಗ ಬೇಸ್ ಸತ್ತ ಹೋಗ್ತೈತಿ, ಆಮ್ಯಾಲ ನನ್ನ ಬೈಬ್ಯಾಡ್ರಿ.

ಶುರು ಟ್ರಯಾಂಗಲ್ಲಿಂದ ಮಾಡ್ರಿ, ಎಲ್ಲಾರೂ ಮ್ಯಾಲಿನ ಟ್ಯೂನ್ ಹಿಡ್ಕೊಂಡು ಕುಂತು ಇದನ್ನ ಬಿಡ್ತಾರ. ಉಳಿದ ನಾಕೂ ಬಂದ್ ಮಾಡಿದ್ರ ಕೆಳಗ ಗುಂಯ್ ಅಂತ ಬೇಸ್ ಒಂದ ಉಳೀತೈತಿ. ಇದಕ್ಕ ವಾಲ್ಯೂಮ್ ಕಂಟ್ರೋಲ್ ಅನ್ನೂದ ಇಲ್ರಿ, ಚಾಲೂ ಇಲ್ಲಾ ಬಂದ್ ಎರಡ. ಮೆತ್ತಗ ಮಾಡಾಕ ಬರಂಗಿಲ್ಲ ಅಂತ ಸ್ವರಾನ ಗಿಡ್ಡ ಕಡದು ಕಡದು ಹಾಕ್ತಾರ, ಅದಕ್ಕ ಅದು ಓಡಿದಂಗ ಕೇಳ್ತೈತಿ. ಮನ್ಯಾಗ ಪೇಟಿ ಇದ್ರ ಆ ಬೇಸ್ ಸ್ವರ ಬಿಳಿ ಮನಿ ಕರಿ ಮನಿ ಮ್ಯಾಲ ಹುಡುಕ್ರಿ, ಸ್ಪೀಡ್ ಅರ್ಧ ಮಾಡಿದ್ರ ಒಂದು ತಾಸಿನ್ಯಾಗ ಸಿಗ್ತೈತಿ. ನಾ ಮೊದಲ್ನೇ ಸಲ ಮಾಡಿದಾಗ ಭಜನಿ ಮಂದಿ ಬಂದು ಇದ್ಯಾವ ಪದ ಅಂತ ಕೇಳಿದ್ರು.

ಆಮ್ಯಾಲ ಎರಡು ಪಲ್ಸ್. ಇವಕ್ಕ 16 ಮಟ್ಟದ ವಾಲ್ಯೂಮ್ ಐತಿ, ದನಿ ಬದಲಸಾಕ ಡ್ಯೂಟಿ ಅಂತ ಐತಿ, ಅಂದ್ರ ಒಂದೊಂದು ಅಲಿ ಎಷ್ಟು ಹೊತ್ತು ಮ್ಯಾಲ ನಿಲ್ತೈತಿ ಅನ್ನೂ ಪಾಲು, 12.5, 25, 50, 75 ಪರ್ಸೆಂಟ್. 12.5 ಅಂದ್ರ ಮೂಗಿನ್ಯಾಗ ಹಾಡಿದಂಗ, 50 ಅಂದ್ರ ದುಂಡಗ. ಒಂದನ್ನ ಕೇಳ್ರಿ, ಬಂದ್ ಮಾಡ್ರಿ, ಇನ್ನೊಂದು ಕೇಳ್ರಿ. ಆ ಕಾಲದ ಭಾಳ ಗೇಮ್‌ಗಳಾಗ ಎರಡನೇದು ಮೊದಲನೇದರ ಹಿಂದಿಂದ ಸ್ವಲ್ಪ ತಡಾ ಮಾಡಿ, ಸಣ್ಣ ದನಿಲೇ ಅದ ಟ್ಯೂನ್ ಹಾಡ್ತೈತಿ, ಎಕೋ ಚಿಪ್ ಇಲ್ಲದ ಎಕೋ. ಗೋಳಗುಮ್ಮಟದಾಗ ಕೂಗಿದವ್ರಿಗೆ ನಾ ಬಿಡಿಸಿ ಹೇಳೂದು ಬ್ಯಾಡ.

ನಾಯ್ಸ್ ಅಂದ್ರ ಚುಸ್ ಚುಸ್, ಸ್ಯಾಂಪಲ್‌ನಾಗ ಡ್ರಮ್ ಪೆಟ್ಟು, ಇವೆರಡೂ ಲಗೂನ ತಿಳೀತಾವ. ಒಂದು ಮಜಾ ನೋಡ್ರಿ, ಆಟ ಆಡ್ಕೋತ ಗುಂಡು ಹೊಡಿರಿ, ಬಂದೂಕಿನ ಸದ್ದಿಗೆ ಬ್ಯಾರೆ ಚಾನೆಲ್ ಇಲ್ಲ, ಮ್ಯೂಸಿಕ್‌ನಿಂದ ಒಂದನ್ನ ಕಸ್ಕೋತೈತಿ. ಅಂದ್ರ ಸಣ್ಣಾವ್ರಿದ್ದಾಗ ಬಟನ್ ಒತ್ತಿ ಒತ್ತಿ ಅರ್ಧ ಮ್ಯೂಸಿಕ್ ನಾವ ತಿಂದ ಹಾಕೇವಿ.

ಕಾಂಟ್ರಾ ಕಿವಿಗೆ ಹತ್ತಿದ ಮ್ಯಾಲ ಕೊನಾಮಿದ ಇನ್ನೊಂದು ತಗೋರಿ, 1989ರ ಅಕುಮಾಜೋ ಡೆನ್ಸೆತ್ಸು, ಅಮೇರಿಕಾದಾಗ ಕ್ಯಾಸಲ್‌ವೇನಿಯಾ 3. ಹಿದೆನೋರಿ ಮಾಎಜಾವಾ ಎರಡೂ ಗೇಮಿನ ಮ್ಯೂಸಿಕ್‌ನಾಗ ಇದ್ದಾರ. ಜಪಾನಿನ ಕ್ಯಾಸೆಟ್‌ನಾಗ ವಿಆರ್‌ಸಿ6 ಅಂತ ಚಿಪ್ ಕುಂದ್ರಿಸಿ ಇನ್ನೆರಡು ಪಲ್ಸ್, ಒಂದು ಸಾಟೂತ್ (ಗರಗಸದ ಹಲ್ಲಿನಂಥ ಅಲಿ) ಕೂಡಿಸಿದ್ರು, ಐದು ಹೋಗಿ ಎಂಟಾತು. ಅಮೇರಿಕಾದ ಸೆಟ್‌ನಾಗ ಕ್ಯಾಸೆಟ್‌ನಿಂದ ದನಿ ಒಳಗ ತಗೊಳ್ಳೂ ಆ ದಾರಿ ಇರಲಿಲ್ಲ, ಅಲ್ಲಿಯವ್ರಿಗೆ ಮ್ಯೂಸಿಕ್ ಇಳಿಸಿ ಬರೀಬೇಕಾತು. ಎರಡೂ ವರ್ಶನ್ ಒಂದರ ಹಿಂದ ಒಂದು ಹಾಕ್ರಿ, ಫಸ್ಟ್ ಸ್ಟೇಜ್ ಸಾಕು.

ಈಗ ನನಗ ಎರಡು ದಿನ ತಲಿ ತಿಂದ ಮಾತು. ಎಲ್ಲಾ ಸರಿ ಹಚ್ಚಿ ಕಾಂಟ್ರಾ ಕೇಳಿದೆ, ಆದ್ರ ಓಣ್ಯಾಗ ಕೇಳಿದ್ದು ಇದಲ್ಲ ಅನಸ್ತು, ಇದು ಜೋರ್ ಓಡ್ತೈತಿ, ದನಿನೂ ಬ್ಯಾರೆ. ನೆನಪು ಹಳೇದಾಗೇತಿ ಅನ್ಕೊಂಡೆ. ಅಲ್ರಿ, ನಮ್ಮ ಕಡೆ ಬಂದಿದ್ದು ಫ್ಯಾಮಿಕಾಮ್‌ನ ಕಾಪಿ ಸೆಟ್. ನಮ್ಮ ಟಿವಿ ಪಾಲ್, ಸೆಕೆಂಡಿಗೆ 50 ಫ್ರೇಮ್, ಜಪಾನದಾಗ 60. ಫ್ರೇಮ್ ಎಣಿಸ್ಕೋತ ಹೋಗೂ ಮ್ಯೂಸಿಕ್ ತಾನ ನಿಧಾನ ಆಗ್ತೈತಿ. ಮ್ಯಾಲ ಕೆಲವು ಕಾಪಿ ಚಿಪ್‌ಗಳಾಗ ಡ್ಯೂಟಿ 25 ಮತ್ತ 50 ಅದಲಿ ಬದಲಿ ಆಗಿರ್ತಾವ, ದುಂಡಗ ಹಾಡೂ ಜಾಗಾದಾಗ ಮೂಗಿನ್ಯಾಗ ಹಾಡ್ತಾವ.

ಎಫ್‌ಸಿಇಯುಎಕ್ಸ್‌ನಾಗ ರೀಜನ್‌ಗೆ ಹೋಗಿ ಡೆಂಡಿ (ರಶಿಯಾದಾಗ ಮಾರಿದ ಇಂಥದ್ದ ಕಾಪಿ ಸೆಟ್ಟಿನ ಹೆಸರು) ಅಂತ ಹಚ್ರಿ, ಸೌಂಡ್ ಸೆಟ್ಟಿಂಗ್‌ನಾಗ ಡ್ಯೂಟಿ ಸ್ವಾಪ್ ಟಿಕ್ ಮಾಡ್ರಿ, ಫಸ್ಟ್ ಸ್ಟೇಜ್ ಚಾಲೂ ಮಾಡ್ರಿ. ನಮ್ಮ ಅಣ್ಣ ಒಳಗ ಚಹಾ ಕುಡಿಯಾಕತ್ತಿದ್ದ, ಕಪ್ ಹಿಡ್ಕೊಂಡ ಹೊರಗ ಬಂದು "ಆ ಸೆಟ್ ಇನ್ನಾ ಐತೇನಲೇ?" ಅಂದ.