ಲೀಗ್ ಪಂದ್ಯದಲ್ಲಿ ಕಪ್ಪು ಕಾಯಿ ಬಂದರೆ ಸಿಸಿಲಿಯನ್ ಆಡೋದು ಹೇಗೆ

ಬೆಳಗಾವಿಯ ಟಿಳಕವಾಡಿಯಲ್ಲಿ ಶಾಲೆ ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಟೀಮ್ ಲೀಗ್ ಬಂತೆಂದರೆ ಒಂದೇ ಪ್ರಶ್ನೆ: "ಸರ್, ಕಪ್ಪು ಬಂದೈತ್ರಿ, ಡ್ರಾ ಆದ್ರ ಸಾಕಲ್ರಿ?" ಸಾಲದು. ಕಪ್ಪಿನಲ್ಲೂ ಗೆಲ್ಲೋಕೆ ಆಡಬೇಕು. ಅದಕ್ಕೇ ನಾನು ಸಿಸಿಲಿಯನ್ ಎಂಬ ಆರಂಭದ ಆಟ ಕಲಿಸುವುದು.

ಬಿಳಿ ಇ4 ಆಡಿದರೆ, ಅಂದರೆ ಇ ಸಾಲಿನ ನಾಲ್ಕನೇ ಚೌಕಕ್ಕೆ ಕಾಲಾಳು ನೂಕಿದರೆ, ನೀವು ಸಿ5 ಆಡಿ. ಬಿಳಿ ಕುದುರೆ ಎಫ್3ಕ್ಕೆ ಬಂದರೆ ಡಿ6. ಡಿ4 ಬಂದರೆ ಸಿ ಕಾಲಾಳಿನಿಂದ ಹೊಡೆಯಿರಿ. ಕುದುರೆ ತಿರುಗಿ ಹೊಡೆದಾಗ ನಿಮ್ಮ ಕುದುರೆ ಎಫ್6ಕ್ಕೆ. ಅವರ ಇನ್ನೊಂದು ಕುದುರೆ ಸಿ3ಕ್ಕೆ ಬಂದರೆ ಎ6. ಇದೇ ಸಿಸಿಲಿಯನ್‌ನ ನಾಯ್ಡಾರ್ಫ್ ಎಂಬ ಬಗೆ. ವಿಶ್ವ ಚಾಂಪಿಯನ್‌ಗಳಾಗಿದ್ದ ಫಿಶರ್, ಕಾಸ್ಪರೋವ್ ಇಬ್ಬರೂ ನಂಬಿ ಆಡಿದ ದಾರಿ.

ಎರಡನೇ ನಡೆಗೇ ಒಂಟೆ ಸಿ4ಕ್ಕೆ ಬಂದರೆ ಇ6 ಆಡಿ, ಆಮೇಲೆ ಡಿ5 ನೂಕಿ. ಅಷ್ಟು ಸಾಕು.

ಈಗ ನಾಯ್ಡಾರ್ಫ್‌ಗೇ ವಾಪಸ್ ಬಂದು ಬೋರ್ಡ್ ನೋಡಿ. ಪಕ್ಕದ ಕಾಲಾಳು ಕೊಟ್ಟು ಅವರ ನಡುವಿನ ಕಾಲಾಳು ತೆಗೆದಿದ್ದೀರಿ. ಸಿ ಸಾಲಿನಲ್ಲಿ ನಿಮ್ಮ ಕಾಲಾಳಿಲ್ಲ. ಬಿ5 ನೂಕಿ, ಒಂಟೆ ಬಿ7ಕ್ಕೆ. ದಾರಿ ಖಾಲಿಯಾದ ಮೇಲೆ ಆನೆಯನ್ನು ಸಿ8ಕ್ಕೆ ತನ್ನಿ. ಎಲ್ಲಾ ಕಾಯಿಗಳ ಗುರಿ ಒಂದೇ: ಸಿ3ರ ಕುದುರೆ. ಇ4ರ ಕಾಲಾಳನ್ನು ಕಾಯುತ್ತಿರುವುದು ಅದೇ ಅಲ್ವಾ? ಬಿ4 ಬಂದರೆ ಅದು ಓಡಬೇಕು, ಇ4 ಸಡಿಲವಾಗುತ್ತದೆ.

ಕೆಲವೊಮ್ಮೆ ಆನೆಯನ್ನೇ ಕೊಟ್ಟು ಆ ಕುದುರೆಯನ್ನು ಹೊಡೆಯಬಹುದು. ಮಕ್ಕಳು ಇದಕ್ಕೆ ತುಂಬಾ ಹೆದರುತ್ತಾರೆ. ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಬಿಳಿ ಬಿ ಕಾಲಾಳಿನಿಂದ ಹೊಡೆದ ಮೇಲೆ ನನ್ನ ಕುದುರೆಗೆ ಇ4ರ ಕಾಲಾಳು ಸಿಗುತ್ತದಾ? ಅಥವಾ ಅವರ ರಾಜ ಆ ಕಡೆಗೇ ಕ್ಯಾಸಲ್ ಮಾಡಿ (ರಾಜ, ಆನೆ ಒಟ್ಟಿಗೇ ಸರಿಯುವ ನಡೆ), ಮುರಿದ ಕಾಲಾಳುಗಳ ಹಿಂದೆ ಕೂತಿದ್ದಾನಾ? ಒಂದಕ್ಕಾದರೂ ಹೌದು ಎಂಬ ಉತ್ತರ ಬಂದರೆ ಲೆಕ್ಕ ಹಾಕಿ, ಧೈರ್ಯದಿಂದ ಕೊಡಿ. ಎರಡಕ್ಕೂ ಇಲ್ಲ ಅಂದರೆ ಸುಮ್ನೆ ಕೊಡಬೇಡಿ. ನನ್ನ ಪ್ರಕಾರ ಸಿಸಿಲಿಯನ್‌ನ ನಿಜವಾದ ಸೊಗಸು ಇಲ್ಲೇ ಇದೆ.

ಒಂದು ಎಚ್ಚರ. ನಿಮ್ಮ ರಾಜ ಇನ್ನೂ ನಡುವೆ ಇದ್ದರೆ ಡಿ5, ಇ6 ಚೌಕಗಳ ಮೇಲೆ ಕಣ್ಣಿಡಿ. ಬಿಳಿ ಅಲ್ಲೇ ಕುದುರೆಯನ್ನೋ ಒಂಟೆಯನ್ನೋ ಬಲಿ ಕೊಟ್ಟು ನುಗ್ಗುತ್ತದೆ. ಬಿ4 ನೂಕುವ ಮುನ್ನ ಪ್ರತಿ ಸಲ ಇದನ್ನು ನೋಡಲೇಬೇಕು.

ದಾಳಿ ತಡೆದಾದ ಮೇಲೆ ರಾಣಿಗಳು ಬದಲಾದರೆ ಬೇಸರ ಬೇಡ. ಎಂಡ್‌ಗೇಮ್ ಬಹಳ ಸಲ ಕಪ್ಪಿಗೇ ಚೆನ್ನ. ನಡುವೆ ನಿಮಗೆ ಎರಡು ಕಾಲಾಳು, ಅವರಿಗೆ ಒಂದೇ. ಆಗ ಎದುರಾಳಿ ಡ್ರಾ ಕೇಳಿದರೆ ಕ್ಯಾಪ್ಟನ್ ಅಭಿಪ್ರಾಯ ಕೇಳಬಹುದು. ಆದರೆ ನಿಮ್ಮ ಆಟದ ಸ್ಥಿತಿ ಬಗ್ಗೆ ಅವರು ಮಾತಾಡುವಂತಿಲ್ಲ. ಆ ತೀರ್ಮಾನ ನಿಮ್ಮದೇ.