ಮುರಕಲ್ಲಿನ ಗೋಡೆಗೆ ಗಟ್ಟಿ ಹಿಡಿಕೆ, ಹಾವಸೆ ಕಟ್ಟದ ನೆಲ

ಕಾಸರಗೋಡಿನ ಹಳೆಯ ಮನೆಗಳಲ್ಲಿ ಬಚ್ಚಲು ಹಿಂಬದಿಯ ಜಗಲಿ ಇಳಿದ ಮೇಲೆ ಇರುವುದು ವಾಡಿಕೆ. ಪಾರ್ಶ್ವವಾಯು ತಗುಲಿದವರು, ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು, ಎಣ್ಮಕಜೆ, ಮುಳಿಯಾರಿನಂತಹ ಪಂಚಾಯತುಗಳ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರು ಇರುವ ಹಲವು ಮನೆಯವರು ಸಾಲ ಮಾಡಿಯಾದರೂ ಒಳಗೊಂದು ಬಚ್ಚಲು ಕಟ್ಟಿಸುತ್ತಾರೆ. ಆದರೆ ನೋಡಿಕೊಳ್ಳದಿದ್ದರೆ ಅದೇ ಬಚ್ಚಲು ಮರುವರ್ಷದ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಜಾರುಬಂಡೆಯಾಗುತ್ತದೆ.

ಮೊದಲು ಅಳತೆ. ಗಾಲಿಕುರ್ಚಿ ಸಲೀಸಾಗಿ ಹೋಗಲು ಬಾಗಿಲು 90 ಸೆಂಟಿಮೀಟರ್ ತೆರಪು ಬಿಡಬೇಕು. ಒಳಗೆ ತಿರುಗಲು 150 ಸೆಂಟಿಮೀಟರ್ ವ್ಯಾಸದ ಜಾಗ ಬೇಕು. ಅಷ್ಟು ಸ್ಥಳವಿಲ್ಲದಿದ್ದರೆ ಬಾಗಿಲು ಹೊರಕ್ಕೆ ತೆರೆಯುವಂತೆಯಾದರೂ ಮಾಡಿಸಬೇಕು, ಏಕೆಂದರೆ ಒಳಗೆ ಬಿದ್ದವರ ಮೈ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ಹೊರಗಿನಿಂದ ತಳ್ಳಲಾಗದು. ಐದು ಸೆಂಟಿಮೀಟರ್ ಎತ್ತರದ ಹೊಸ್ತಿಲನ್ನು ದಾಟಿಸಲು ಕನಿಷ್ಠ 60 ಸೆಂಟಿಮೀಟರ್ ಉದ್ದದ ಇಳಿಜಾರು ಬೇಕು. ಕಮೋಡಿನ ಆಸನ ನೆಲದಿಂದ 45ರಿಂದ 48 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಕೂತು ಏಳುವುದು ಸುಲಭ.

ನಮ್ಮ ಕಡೆ ಹೆಚ್ಚು ಎಡವುವುದು, ಏಳಲು ಕೂರಲು ಆಸರೆಯಾಗಿ ಗೋಡೆಗೆ ಹಾಕುವ ಹಿಡಿಕೆಯ ವಿಷಯದಲ್ಲಿ. ಮುರಕಲ್ಲು ರಂಧ್ರಗಳಿಂದ ತುಂಬಿದ, ಕೊರೆದರೆ ಪುಡಿಯಾಗುವ ಕಲ್ಲು. ಅದರ ಮೇಲಿನ ಸಾರಣೆಯಲ್ಲಿ ಪ್ಲಾಸ್ಟಿಕ್ ಪ್ಲಗ್ ಕೂರಿಸಿ ತಿರುಪು ಬಿಗಿದರೆ, ಟವೆಲಿನ ಭಾರ ತಡೆದೀತೇ ಹೊರತು ಏಳಲೆತ್ನಿಸುವ ಮನುಷ್ಯನ ಭಾರವನ್ನಲ್ಲ. ಹಿಡಿಕೆ ಬರುವ ಕಡೆ ಕಲ್ಲನ್ನು ಕೊರೆದು ತೆಗೆದು ಕಾಂಕ್ರೀಟು ತುಂಬಿಸಿ, ಬೋಲ್ಟನ್ನು ಅದರೊಳಗೆ ಹುದುಗಿಸಿ, ಕನಿಷ್ಠ ಒಂದು ವಾರ ನೀರುಣಿಸಿ, ಪೂರ್ತಿ ಗಟ್ಟಿಯಾದ ಮೇಲಷ್ಟೇ ಬಳಸಬೇಕು. ಇಲ್ಲವೇ ಗೋಡೆಯ ಆಚೆಬದಿಗೆ ಉಕ್ಕಿನ ಪಟ್ಟಿ ಕೊಟ್ಟು ಬೋಲ್ಟನ್ನು ಆರಪಾರ ಹಾಯಿಸಬಹುದು. ಮೇಸ್ತ್ರಿ ‘ಇಷ್ಟೆಲ್ಲ ಬೇಡ’ ಎನ್ನುತ್ತಾರೆ. ಬೇಕು ಎಂದೇ ಹಟ ಹಿಡಿಯಿರಿ. ಗಾಳಿ ಹೀರಿ ಅಂಟಿಕೊಳ್ಳುವ ರಬ್ಬರ್ ಬಟ್ಟಲಿನ ಹಿಡಿಕೆಗಳನ್ನು ಮಾತ್ರ ನಂಬಲೇಬಾರದು. ಹಿಡಿಕೆಯ ಎತ್ತರವನ್ನು, ಅದನ್ನು ಬಳಸುವವರನ್ನೇ ಕೂರಿಸಿ, ಅವರ ಕೈ ತಾನಾಗಿ ಹೋಗುವ ಕಡೆ ಗುರುತು ಹಾಕಿ ನಿಶ್ಚಯಿಸಬೇಕು. ಕಡಲ ಹತ್ತಿರದ ಊರುಗಳಲ್ಲಿ ಉಪ್ಪುಗಾಳಿಗೆ 304ಕ್ಕಿಂತ 316 ದರ್ಜೆಯ ಸ್ಟೀಲು ಹೆಚ್ಚು ಬಾಳುತ್ತದೆ. ವಾರಕ್ಕೊಮ್ಮೆ ಮನೆಯ ಗಟ್ಟಿಗರೊಬ್ಬರು ಹಿಡಿಕೆಗೆ ಜೋತು ಎಳೆದು ನೋಡಲಿ. ಬುಡದ ಸಾರಣೆಯಲ್ಲಿ ಕೂದಲೆಳೆಯ ಬಿರುಕು ಅಥವಾ ತಿರುಪಿನಿಂದ ಇಳಿದ ಕಂದು ಗೆರೆ ಕಂಡರೆ ಅಂದಿನಿಂದಲೇ ಅದನ್ನು ಹಿಡಿಯದಂತೆ ಮಾಡಿ ಸರಿಪಡಿಸಬೇಕು.

ನೆಲಕ್ಕೆ ಒರಟು ಮೈಯ ಟೈಲ್ಸ್ ಹಾಕಿಸಿದರೂ, ಎಣ್ಣೆ ಹಚ್ಚಿ ಮೀಯುವ ನಮ್ಮ ಅಭ್ಯಾಸದಿಂದ ತೆಂಗಿನೆಣ್ಣೆ ಮತ್ತು ಸಾಬೂನಿನ ಜಿಡ್ಡು ಆ ಒರಟನ್ನು ಮುಚ್ಚಿಬಿಡುತ್ತದೆ. ಎಣ್ಣೆಸ್ನಾನದ ದಿನವೇ ಬಿಸಿನೀರು ಮತ್ತು ಪಾತ್ರೆ ತೊಳೆಯುವ ದ್ರವದಿಂದ ನೆಲ ತಿಕ್ಕಿ ತೊಳೆಯಬೇಕು. ಮಳೆಗಾಲದಲ್ಲಿ ಹಾವಸೆ ಮೊದಲು ಹಿಡಿಯುವುದು ನೀರು ನಿಲ್ಲುವ ಮೂಲೆಯಲ್ಲಿ. ಬ್ಲೀಚಿಂಗ್ ಪೌಡರ್ ಕರಗಿಸಿದ ನೀರು ಸುರಿದು ಸ್ವಲ್ಪ ಹೊತ್ತು ಬಿಟ್ಟು ಉಜ್ಜಿದರೆ ಹೋಗುತ್ತದೆ. ಆದರೆ ಕಕ್ಕಸು ತೊಳೆಯುವ ಆ್ಯಸಿಡ್ ಜತೆ ಬ್ಲೀಚಿಂಗ್ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುವುದರಿಂದ, ಇವೆರಡನ್ನು ಒಂದೇ ದಿನ ಬಳಸದಿರುವುದು ಕ್ಷೇಮ. ಜಾರದ ಚಾಪೆ ಹಾಸಿದ್ದರೆ ಪ್ರತಿದಿನ ಎತ್ತಿ ಒಣಗಿಸಬೇಕು, ಜಾರಿಕೆ ಹುಟ್ಟುವುದು ಅದರ ಅಡಿಯಲ್ಲೇ.

ಹಂಡೆಯ ನೀರನ್ನು ಬಳಸುವ ಮನೆಗಳಲ್ಲಿ ಬಾಲ್ದಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಎಂಬ ಕ್ರಮ ತಪ್ಪಬಾರದು. 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡುತ್ತದೆ. ಪಾರ್ಶ್ವವಾಯುವಿನಿಂದಲೋ ಮಧುಮೇಹದಿಂದಲೋ ಕಾಲು ಜೋಮು ಹಿಡಿದವರಿಗೆ ಸುಟ್ಟದ್ದೂ ತಿಳಿಯದು. ಆದ್ದರಿಂದ ನೋಡಿಕೊಳ್ಳುವವರು ಮೊಣಕೈ ಅದ್ದಿ ಪರೀಕ್ಷಿಸಬೇಕು. ಗೀಸರ್ ಇದ್ದಲ್ಲಿ ಅರ್ತ್ ತಂತಿಯ ಜತೆ ಕರೆಂಟು ಸೋರಿದೊಡನೆ ಸಂಪರ್ಕ ಕಡಿಯುವ, 30 ಮಿಲಿ ಆ್ಯಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ಚು ಇರಲೇಬೇಕು.

ಸ್ನಾನದ ಕುರ್ಚಿಯ ಕಾಲಿನ ರಬ್ಬರು ಸವೆದು ಲೋಹ ಕಾಣತೊಡಗಿದರೆ ಬದಲಿಸಿ. ಗಾಲಿ ಇದ್ದರೆ ಅಚ್ಚಿಗೆ ಸುತ್ತಿದ ಕೂದಲನ್ನು ತೆಗೆದು, ಬ್ರೇಕು ಹಾಕಿದ ಮೇಲೆ ಕುರ್ಚಿ ಅಲುಗುತ್ತದೆಯೇ ಎಂದು ತಳ್ಳಿ ನೋಡಿ. ಮಳೆಗೆ ಉಬ್ಬಿ ಬಿಗಿಯುವ ಮರದ ಬಾಗಿಲಿನ ಅಂಚನ್ನು ಮೇ ತಿಂಗಳಲ್ಲೇ ಹೆರೆಸಿಡಬೇಕು, ಚಿಲಕವೂ ಹೊರಗಿನಿಂದ ತೆರೆಯುವಂಥದ್ದಾಗಿರಬೇಕು. ಗಾಳಿಮಳೆಗೆ ಕರೆಂಟು ಹೋಗುವುದು ಇಲ್ಲಿ ಹೊಸದೇನಲ್ಲವಾದ್ದರಿಂದ, ತಾನಾಗಿ ಹೊತ್ತಿಕೊಳ್ಳುವ ಬ್ಯಾಟರಿ ಬಲ್ಬೊಂದನ್ನು ಒಳಗೆ ಹಾಕಿಸಿ, ನೆಲದಲ್ಲಿ ಬಿದ್ದವರ ಕೈಗೂ ಎಟುಕುವಷ್ಟು ಕೆಳಗೆ ಕರೆಗಂಟೆಯ ಹಗ್ಗ ಇಳಿಬಿಡಿ.