ದರದ ಪುಟ ಚೆನ್ನಾಗಿ ಕಾಣುತ್ತೆ ಸರಿ, ಒಳಗಿನ ಎಚ್‌ಟಿಎಂಎಲ್ ಸರಿ ಇದೆಯಾ?

ಗಂಗಾವತಿಯ ಭತ್ತದ ದರ ತೋರಿಸುವ ಒಂದು ವೆಬ್ ಆ್ಯಪ್ ಮಾಡಿದ್ದೀರಿ ಅಂದುಕೊಳ್ಳಿ. ಸೋನಾ ಮಸೂರಿ, ಆರ್‌ಎನ್‌ಆರ್ ಹೀಗೆ ತಳಿಗಳು, ಪಕ್ಕದಲ್ಲಿ ಕನಿಷ್ಠ ದರ, ಗರಿಷ್ಠ ದರ. ನೋಡೋಕೆ ಎಲ್ಲಾ ಸರಿಯಾಗೇ ಇದೆ. ಆದರೆ ಅದನ್ನೇ ನಂಬಬೇಡಿ, ಯಾಕೆಂದರೆ ಎಚ್‌ಟಿಎಂಎಲ್‌ನಲ್ಲಿ, ಅಂದರೆ ಪುಟ ಕಟ್ಟುವ ಟ್ಯಾಗ್‌ಗಳ ಕೋಡ್‌ನಲ್ಲಿ, ನೀವು ಮಾಡಿದ ತಪ್ಪುಗಳನ್ನು ಬ್ರೌಸರ್ ಹೇಳದೆ ಕೇಳದೆ ತಾನೇ ತಿದ್ದಿಬಿಡುತ್ತದೆ. 'ಪಿ' (ಪ್ಯಾರಾ) ಟ್ಯಾಗ್ ಒಳಗೆ 'ಡಿವ್' (ವಿಭಾಗ) ಹಾಕಿದರೆ 'ಪಿ' ಅಲ್ಲೇ ಮುಚ್ಚಿಕೊಳ್ಳುತ್ತದೆ. ಟೇಬಲ್ ಒಳಗೆ, ಆದರೆ ಸೆಲ್‌ನ ಹೊರಗೆ ಬರೆದ ಮಾತು ಟೇಬಲ್‌ನ ಮೇಲಕ್ಕೆ ಹೋಗಿ ಕೂರುತ್ತದೆ.

ಹಾಗಾಗಿ ಮೊದಲು ಮೂಲ ಕೋಡ್, ಬ್ರೌಸರ್ ತಿದ್ದಿಕೊಂಡ ಕೋಡ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕಂಟ್ರೋಲ್ ಯು ಒತ್ತಿದರೆ ಸರ್ವರ್ ಕಳಿಸಿದ್ದು ಕಾಣುತ್ತದೆ, ಎಫ್12 ಒತ್ತಿದರೆ ಬ್ರೌಸರ್ ಕಟ್ಟಿಕೊಂಡಿದ್ದು. ಸರ್ವರ್ ಕಳಿಸಿದ್ದನ್ನು ಎಚ್‌ಟಿಎಂಎಲ್ ತಪ್ಪು ಹುಡುಕುವ ಡಬ್ಲ್ಯು3ಸಿ ವ್ಯಾಲಿಡೇಟರ್‌ಗೆ ಹಾಕಿ. ಮುಚ್ಚದ ಟ್ಯಾಗ್, ಎರಡು ಕಡೆ ಬಂದಿರುವ ಒಂದೇ ಐಡಿ (ಟ್ಯಾಗ್‌ನ ಗುರುತಿನ ಹೆಸರು), ಎಲ್ಲಾ ಸಾಲಿನ ನಂಬರ್ ಸಮೇತ ಸಿಗುತ್ತದೆ. ಐಡಿ ವಿಷಯ ಸಣ್ಣದಲ್ಲ. ಹುಡುಕುವ ಫಾರ್ಮ್ ಪುಟದ ಮೇಲೊಂದು ಕೆಳಗೊಂದು ಇದ್ದು ಐಡಿ ಒಂದೇ ಆದರೆ, ಕೆಳಗಿನ 'ತಳಿ' ಲೇಬಲ್ ಮೇಲೆ ಕ್ಲಿಕ್ ಮಾಡಿದಾಗ ಕರ್ಸರ್ ಮೇಲಿನ ಬಾಕ್ಸ್‌ಗೆ ಹೋಗುತ್ತದೆ.

ಇನ್ನು ಪುಟವನ್ನು ತಾನಾಗೇ ಪರೀಕ್ಷಿಸುವ ಕೋಡ್, ಅಂದರೆ ಟೆಸ್ಟ್ ಬರೆಯುವಾಗ ಇಡೀ ಎಚ್‌ಟಿಎಂಎಲ್ ಅನ್ನು ಅಕ್ಷರಕ್ಕೆ ಅಕ್ಷರ ಹೋಲಿಸಬೇಡಿ, ಒಂದು ಸ್ಪೇಸ್ ಜಾಸ್ತಿ ಆದರೂ ಸುಮ್ನೆ ಫೇಲ್ ಆಗುತ್ತದೆ. ಡಿಸೈನ್‌ಗೆಂದು ಇಟ್ಟ ಹೆಸರು, ಅಂದರೆ ಸಿಎಸ್‌ಎಸ್ ಕ್ಲಾಸ್ ಹಿಡಿದು ಹುಡುಕೋದೂ ಬೇಡ, ನಾಳೆ ಡಿಸೈನ್ ಮಾಡುವವರು ಹೆಸರು ಬದಲಿಸಿದರೆ ಮುಗೀತು. ಬ್ರೌಸರ್ ಟೆಸ್ಟ್ ಮಾಡುವ ಪ್ಲೇರೈಟ್ ಎಂಬ ಟೂಲ್‌ನಲ್ಲಿ, ಟೇಬಲ್, ಹೆಡರ್ ಹೀಗೆ ಪಾತ್ರ ಹಿಡಿದು ಹುಡುಕುವ 'ಗೆಟ್‌ಬೈರೋಲ್' ಬಳಸಿ, ಬಳಸುವವರು ಕೇಳುವ ಹಾಗೆ ಕೇಳಿ: ಇಲ್ಲೊಂದು ಟೇಬಲ್ ಇದೆಯಾ? ಅದರಲ್ಲಿ 'ಗರಿಷ್ಠ ದರ' ಅನ್ನುವ ಕಾಲಂ ಹೆಡರ್ ಇದೆಯಾ? ದಪ್ಪ ಅಕ್ಷರದ 'ಟಿಡಿ' (ಮಾಮೂಲಿ ಸೆಲ್) ಹೆಡರ್ ಅಲ್ಲ, 'ಟಿಎಚ್' (ಹೆಡರ್ ಸೆಲ್) ಬೇಕು. ಆಗಲೇ ಪರದೆ ಓದಿ ಹೇಳುವ ಎನ್‌ವಿಡಿಎ ಸಾಫ್ಟ್‌ವೇರ್ ಬಳಸುವ ಅಂಧರಿಗೆ ಬರೀ ಅಂಕಿ ಕೇಳಿಸುವ ಬದಲು ಅದು ಯಾವ ದರ ಅಂತಲೂ ಗೊತ್ತಾಗೋದು. 'ಎಚ್‌ಟಿಎಂಎಲ್' ಟ್ಯಾಗ್‌ನಲ್ಲಿ ಭಾಷೆ 'ಕೆಎನ್' (ಕನ್ನಡದ ಕೋಡ್) ಅಂತ ಇದೆಯಾ ಅನ್ನೋದಕ್ಕೂ ಒಂದು ಸಾಲಿನ ಟೆಸ್ಟ್ ಇರಲಿ.

ಕನ್ನಡದ ಪುಟಕ್ಕೆ ಇನ್ನೊಂದು ಎಚ್ಚರ ಬೇಕು. 'ಆರ್‌ಎನ್‌ಆರ್' ಎಂದು ಟೈಪ್ ಮಾಡುವಾಗ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರ ಸೇರಿರಬಹುದು, ಝಡ್‌ಡಬ್ಲ್ಯುಎನ್‌ಜೆ ಅಂತಾರೆ. ಡೇಟಾಬೇಸ್‌ನಲ್ಲಿ 'ಸ್ಟಾಕ್‌' ಕೊನೆಗೆ ಅದು ಇದ್ದು ಟೆಸ್ಟ್‌ನಲ್ಲಿ ಇಲ್ಲದಿದ್ದರೆ ಓದೋಕೆ ಒಂದೇ, ಹೋಲಿಸಿದರೆ ಬೇರೆ. ಪದದ ಕೊನೆಯಲ್ಲಿ ಬಂದಿದ್ದನ್ನು ಎರಡೂ ಕಡೆ ತೆಗೆದು ಆಮೇಲೆ ಹೋಲಿಸಿ.

ಕೊನೆಗೆ ಮಾರ್ಕೆಟ್ ರಜೆಯ ದಿನದ ಪುಟಕ್ಕೂ ಒಂದು ಟೆಸ್ಟ್ ಬರೆಯಿರಿ. ಒಂದೂ ದರ ಇಲ್ಲದಾಗ ಖಾಲಿ ಟೇಬಲ್ ಬರಬಾರದು, 'ಇಂದು ವಹಿವಾಟು ಇಲ್ಲ' ಅನ್ನುವ ಸಾಲು ಬರಬೇಕು.